ಆರು ಮೂಲೆಯ ಮದ್ದು: ಮೂರನೆಯ ತಟ್ಟೆ

“ಬೀಗ ಹಾಕಿದೋನು ನಾನು, ತೆಗೆಯೋನೂ ನಾನೇ. ಎಲ್ರೂ ಸ್ವಲ್ಪ ಹಿಂದೆ ನಿಂತ್ಕೊಳ್ಳಿ,” ಎನ್ನುತ್ತ ಸಬ್ ಇನ್‌ಸ್ಪೆಕ್ಟರ್ ಉಗ್ರಪ್ಪ ಖಾಕಿ ಜೇಬಿನಿಂದ ಬೀಗದ ಕೈ ತೆಗೆದರು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟು ಎಂತೆಂಥ ಬೀಗಗಳನ್ನೋ ಕಂಡಿತ್ತು. ಮುಷ್ಕರದ ಬೀಗ, ಬ್ಯಾಂಕಿನವರ ಬೀಗ, ಅಣ್ಣತಮ್ಮಂದಿರ ಜಗಳದ ಬೀಗ. ರೋಗಾಣು ಬೆಳೆಸುವ ಬೆಚ್ಚನೆಯ ಪೆಟ್ಟಿಗೆಗೆ ಪೊಲೀಸರ ಬೀಗ ಬಿದ್ದದ್ದು ಮಾತ್ರ ಇದೇ ಮೊದಲು. ಇನ್‌ಕ್ಯುಬೇಟರಿನ ಸಣ್ಣ ಚಿಲಕಕ್ಕೆ ಆ ಹಿತ್ತಾಳೆ ಬೀಗ ಭಾರವಾಗಿ ಜೋತುಬಿದ್ದಿತ್ತು.

ಬೀಗವನ್ನು ಕೇಳಿ ಹಾಕಿಸಿಕೊಂಡವಳು ಅನಂತಲಕ್ಷ್ಮಿಯೇ. ಶ್ವೇತಗಿರಿ ಲ್ಯಾಬೊರೇಟರೀಸಿನ ಸಂಶೋಧನಾ ವಿಭಾಗಕ್ಕೆ ಅವಳು ಮುಖ್ಯಸ್ಥೆ. ಇವತ್ತಿನ ಮಟ್ಟಿಗೆ ಆಪಾದಿತೆಯೂ ಅವಳೇ. ಪೆನಿಸಿಲಿನ್ ಮೈಗೆ ಒಗ್ಗದ ಅತ್ತಿಗುಪ್ಪೆಯ ಸ್ಕೂಲ್ ಟೀಚರ್ ಪ್ರಭಾ, ಪೆನಿಸಿಲಿನ್ ಅಲ್ಲವೆಂದೇ ಡಾಕ್ಟರು ಸೋಂಕಿಗೆ ಬರೆದುಕೊಟ್ಟ ‘ಸೆಫವರ’ ಕ್ಯಾಪ್ಸೂಲು ನುಂಗಿ ನಿಂತಲ್ಲೇ ಕುಸಿದುಬಿದ್ದು ವಿಜಯನಗರದ ನರ್ಸಿಂಗ್ ಹೋಮ್ ಸೇರಿದ್ದರು. ಸೆಫವರ ಅನಂತಲಕ್ಷ್ಮಿ ಕಂಡುಹಿಡಿದ ದಾರಿಯಲ್ಲಿ ತಯಾರಾದ ಮದ್ದು.

ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಕಾಯುತ್ತಿತ್ತು. ನನ್ನ ಅಜಾಗರೂಕತೆಯಿಂದ ಮದ್ದಿನಲ್ಲಿ ಪೆನಿಸಿಲಿನ್ ಉಳಿದುಹೋಗಿದೆ ಎಂಬ ಒಂದೇ ವಾಕ್ಯ ಅದರಲ್ಲಿತ್ತು. ಅದರ ಕೆಳಗೆ ಅವಳ ಸಹಿ ಬಿದ್ದರೆ ಕಂಪನಿ ಉಳಿಯುತ್ತದೆ, ಅವಳ ಮೇಲಿನ ಕೇಸು ಹಗುರಾಗುತ್ತದೆ, ಸೆಫವರ ಹೇಳಹೆಸರಿಲ್ಲದೆ ಹೋಗುತ್ತದೆ. ಸಹಿ ಬೀಳದಿದ್ದರೆ ಉಗ್ರಪ್ಪನವರ ಜೀಪು ಗೇಟಿನ ಹತ್ತಿರವೇ ನಿಂತಿದೆ.

“ಕೊನೇ ಸಲ ಕೇಳ್ತಾ ಇದೀನಿ, ಅನಂತಲಕ್ಷ್ಮಿ,” ಎಂದರು ಮಾಲೀಕ ಲಕ್ಷ್ಮೀಪತಿ. ರಾತ್ರಿಯೆಲ್ಲ ನಿದ್ದೆ ಇಲ್ಲದವರಂತೆ ಅವರ ಕಣ್ಣು ಕೆಂಪಾಗಿತ್ತು. “ತಟ್ಟೆಗಿಟ್ಟೆ ಆಮೇಲೆ ನೋಡೋಣ. ಸಹಿ ಹಾಕಿಬಿಡಿ. ಲಾಯರ್ ಖರ್ಚು ನಂದು.”

“ಸಾರ್, ಆ ಹಾಳೆ ಹಿಂದುಗಡೆ ಇನ್ನೂ ಖಾಲಿ ಇದೆ. ಕ್ಯಾಂಟೀನಲ್ಲಿ ಇವತ್ತಿನ ತಿಂಡಿ ಏನು ಅಂತ ಬರೆಸಿ ಬಾಗಿಲಿಗೆ ಅಂಟಿಸಿ. ನನ್ನ ಸಹಿ ಬೀಳಲ್ಲ.”

ಕಿಟಕಿಗೆ ಒರಗಿ ನಿಂತಿದ್ದ ಪ್ರೊಡಕ್ಷನ್ ಮ್ಯಾನೇಜರ್ ಶ್ಯಾಮಸುಂದರ ನಕ್ಕ. ಇಸ್ತ್ರಿ ಮುರಿಯದ ಟೆರಿಲಿನ್ ಷರಟು, ಹಣೆಗೆ ಗಂಧ. ರಾಹುಕಾಲ ನೋಡದೆ ಹೊಸ ಪೆನ್ನಿನ ಮುಚ್ಚಳವನ್ನೂ ತೆಗೆಯದ ಮನುಷ್ಯ ಅವನು. “ಮೇಡಂಗೆ ಸಿಟ್ಟು ಜಾಸ್ತಿ. ಸಿಟ್ಟಿನ ಕೈಲಿ ಮಾಡಿದ ಮದ್ದು ಹೀಗೇ ಆಗೋದು,” ಎಂದ.

ಅವಳು ಅವನ ಕಡೆ ತಿರುಗಲೂ ಇಲ್ಲ. ಅವನಿಗೆ ಉತ್ತರ ಆ ಪೆಟ್ಟಿಗೆಯೊಳಗೆ ನಿನ್ನೆ ಸಂಜೆಯಿಂದ ಬೆಳೆಯುತ್ತಿತ್ತು.

ಉಗ್ರಪ್ಪ ಮೂರು ಗಾಜಿನ ತಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟರು. ಪ್ರತಿಯೊಂದರ ಮುಚ್ಚಳಕ್ಕೂ ಅವರ ಸಹಿ ಇದ್ದ ಕಾಗದದ ಪಟ್ಟಿ ಅಂಟಿಸಿತ್ತು. ಪಟ್ಟಿ ಹರಿದಿಲ್ಲವೆಂದು ಅವರು ಎಲ್ಲರಿಗೂ ತೋರಿಸಿದರು. ಮನುಷ್ಯ ಮಾತಿನಲ್ಲಿ ನಿಧಾನ, ಕೆಲಸದಲ್ಲಿ ಕಟ್ಟುನಿಟ್ಟು.

“ಇನ್ನೊಂದು ಸಲ ಹೇಳಿಬಿಡಮ್ಮ. ನಿನ್ನೆ ಅರ್ಧ ಅರ್ಥ ಆಯ್ತು. ಕೋರ್ಟಲ್ಲಿ ಅರ್ಧ ಹೇಳಿದ್ರೆ ಜಡ್ಜು ನನ್ನನ್ನೇ ಬೈತಾರೆ.”

ಅನಂತಲಕ್ಷ್ಮಿ ಸೀಮೆಸುಣ್ಣ ತೆಗೆದುಕೊಂಡು ಕಲ್ಲಿನ ಮೇಜಿನ ಮೇಲೇ ಗೀಚಿದಳು. ಒಂದಕ್ಕೊಂದು ಅಂಟಿಕೊಂಡ ಎರಡು ಆಕಾರಗಳು, ಪಕ್ಕದಲ್ಲಿ ಒಂದು ಬಾಲ.

“ಇದು ಪೆನಿಸಿಲಿನ್. ಎರಡು ಉಂಗುರ. ಒಂದಕ್ಕೆ ನಾಲ್ಕು ಮೂಲೆ, ಇನ್ನೊಂದಕ್ಕೆ ಐದು. ರೋಗಾಣು ತನ್ನ ಮೈಸುತ್ತ ಗೋಡೆ ಕಟ್ಕೊಳ್ಳೋವಾಗ ಈ ನಾಲ್ಕು ಮೂಲೇದು ಹೋಗಿ ಅಡ್ಡಗಾಲು ಹಾಕುತ್ತೆ. ಗೋಡೆ ಏಳಲ್ಲ, ರೋಗಾಣು ಒಡೆದು ಸಾಯುತ್ತೆ.”

“ರೋಗಾಣು ಸುಮ್ನೆ ಇರುತ್ತಾ?”

“ಇರಲ್ಲ. ಅದೂ ಒಂದು ಕತ್ತರಿ ಮಾಡ್ಕೊಂಡಿದೆ. ಪೆನಿಸಿಲಿನೇಸ್ ಅಂತ. ಆ ನಾಲ್ಕು ಮೂಲೆ ಉಂಗುರಾನೇ ಕತ್ತರಿಸಿ ಎಸೆಯುತ್ತೆ. ಇನ್ನು ಇದು ನನ್ನ ಸೆಫವರ.” ಅವಳು ಐದು ಮೂಲೆಯ ಉಂಗುರವನ್ನು ಕೈಯಿಂದ ಒರೆಸಿ ಆರು ಮೂಲೆ ಬರೆದಳು. “ಈ ಆರು ಮೂಲೆ ಪಕ್ಕದಲ್ಲಿದ್ರೆ ಆ ಕತ್ತರಿ ಸುಲಭವಾಗಿ ಆಡಲ್ಲ.”

ಹೇಳಲು ಒಂದು ಮಾತು. ಮಾಡಲು ಅವಳ ಯೌವನವೇ ಹೋಗಿತ್ತು. ಈ ಜಾತಿಯ ಮದ್ದು ಮೊದಲು ಸಿಕ್ಕಿದ್ದು ಇಟಲಿಯ ಕಡೆಯ ಒಂದು ದ್ವೀಪದಲ್ಲಿ, ಊರಿನ ಚರಂಡಿ ಸಮುದ್ರಕ್ಕೆ ಬೀಳುವ ಜಾಗದ ಬೂಷ್ಟಿನಲ್ಲಿ. ಆ ಬೂಷ್ಟನ್ನು ಬೆಳೆಸುವ ದೊಡ್ಡ ತೊಟ್ಟಿಗಳು ಪರದೇಶದ ಕಂಪನಿಗಳ ಹತ್ತಿರ ಇದ್ದವು, ಶ್ವೇತಗಿರಿಯ ತಗಡಿನ ಚಾವಣಿಯ ಕೆಳಗೆ ಇರಲಿಲ್ಲ. ನಮ್ಮಲ್ಲಿ ಸಿಗುತ್ತಿದ್ದದ್ದು ಪೆನಿಸಿಲಿನ್ ಮಾತ್ರ. ಸರಿ, ಪೆನಿಸಿಲಿನ್‌ನಿಂದಲೇ ಮಾಡುತ್ತೇನೆ ಎಂದು ಅವಳು ಹೊರಟಳು. ಐದು ಮೂಲೆಯ ಉಂಗುರದ ಗಂಧಕಕ್ಕೆ ಆಮ್ಲಜನಕ ತಗುಲಿಸಿ, ಆಸಿಡ್ ಹಾಕಿ ಕಾಯಿಸಿದರೆ ಉಂಗುರ ಬಿಚ್ಚಿಕೊಳ್ಳುತ್ತದೆ. ಮತ್ತೆ ಮುಚ್ಚಿಕೊಳ್ಳುವಾಗ ಪಕ್ಕದ ಇಂಗಾಲವನ್ನೂ ಒಳಗೆ ಎಳೆದುಕೊಂಡು ಆರು ಮೂಲೆಯಾಗುತ್ತದೆ.

ಪರದೇಶದವರು ಇದನ್ನು ಮೊದಲೇ ಮಾಡಿದ್ದರು. ಆದರೆ ನಮ್ಮಲ್ಲಿ ಪೇಟೆಂಟ್ ಕಾನೂನು ಬದಲಾಗಿ, ಮದ್ದಿನ ಮೇಲೆ ಇದ್ದ ಹಕ್ಕು ಮದ್ದು ಮಾಡುವ ದಾರಿಯ ಮೇಲಷ್ಟೇ ಉಳಿದಿತ್ತು. ದಾರಿ ಬೇರೆಯಾದರೆ ಯಾರೂ ತಡೆಯುವಂತಿಲ್ಲ. ಅವಳು ದಾರಿ ಬೇರೆ ಮಾಡಿದಳು. ಪರದೇಶದ ಕಂಪನಿಯ ಒಬ್ಬ ದೊಡ್ಡ ಮನುಷ್ಯ ಇದೇ ಕೋಣೆಯಲ್ಲಿ ಕಾಫಿ ಕುಡಿದು, ಇಂಥದ್ದೆಲ್ಲ ನಿಮ್ಮ ಕೈಲಿ ಆಗುವ ಕೆಲಸವಲ್ಲಮ್ಮ ಎಂದು ಬುದ್ಧಿ ಹೇಳಿ ಹೋಗಿದ್ದ. ಆಗಿದೆ ಎಂದು ಅವನಿಗೆ ತೋರಿಸುವ ಹಟ ಅವಳಿಗೆ ಇವತ್ತಿಗೂ ಆರಿರಲಿಲ್ಲ.

“ಈಗ ತಟ್ಟೆ ನೋಡಿ,” ಎಂದಳು. “ತಟ್ಟೆ ತುಂಬ ರೋಗಾಣು ಬಿತ್ತಿದೀನಿ. ಎಡಗಡೆ ಗುಣಿಯಲ್ಲಿ ಬರೀ ಮದ್ದು. ಬಲಗಡೆ ಮದ್ದಿನ ಜೊತೆ ಕತ್ತರಿ. ಮದ್ದು ಕೆಲಸ ಮಾಡಿದ ಕಡೆ ರೋಗಾಣು ಬೆಳೆಯದೆ ತಿಳಿಯಾದ ಒಂದು ವೃತ್ತ ಇರುತ್ತೆ.”

ಮೊದಲನೆಯದು ಕಂಪನಿಯ ಸ್ಟೋರಿನ ಪೆನಿಸಿಲಿನ್, ಬರೀ ಹೋಲಿಕೆಗೆ ಇಟ್ಟದ್ದು. ಎಡಗಡೆ ನಾಲ್ಕಾಣೆ ಬಿಲ್ಲೆಗಿಂತ ದೊಡ್ಡ ತಿಳಿಯಾದ ವೃತ್ತ. ಬಲಗಡೆ ಏನೂ ಇಲ್ಲ. ಗುಣಿಯ ಅಂಚಿನವರೆಗೂ ರೋಗಾಣು ಗಂಜಿಯಂತೆ ಹರಡಿಕೊಂಡಿತ್ತು.

“ಕತ್ತರಿ ಬಿತ್ತು,” ಎಂದರು ಉಗ್ರಪ್ಪ.

“ಬಿತ್ತು. ಈಗ ಎರಡನೇದು. ಪ್ರಭಾ ಅವರ ಮನೆಯಿಂದ ನೀವೇ ತಂದ ಸೀಸೆಯ ಕ್ಯಾಪ್ಸೂಲು.”

ಎಡಗಡೆ ವೃತ್ತ. ಬಲಗಡೆ ಗಂಜಿ.

ಅನಂತಲಕ್ಷ್ಮಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. “ನೋಡಿದ್ರಲ್ಲ? ಅವರ ಹೊಟ್ಟೆಗೆ ಹೋದದ್ದು ಸೆಫವರ ಅಲ್ಲವೇ ಅಲ್ಲ. ಪೆನಿಸಿಲಿನ್ ಜಾತೀದು. ಕ್ಯಾಪ್ಸೂಲಲ್ಲಿ ನುಂಗೋದು ಅಂದ್ರೆ ಆಂಪಿಸಿಲಿನ್ ಇರಬೇಕು. ಅದೂ ಹೀಗೇ ಬಿಳೀ ಪುಡಿ, ನೋಡಿದ್ರೆ ವ್ಯತ್ಯಾಸ ತಿಳಿಯಲ್ಲ.”

“ನಾವು ಹೇಳ್ತಿರೋದೂ ಅದೇ ಅಲ್ವಾ?” ಎಂದ ಶ್ಯಾಮಸುಂದರ ಕಿಟಕಿ ಬಿಟ್ಟು ಮುಂದೆ ಬಂದು. “ನೀವು ಶುರು ಮಾಡೋದೇ ಪೆನಿಸಿಲಿನ್‌ನಿಂದ. ಸರಿಯಾಗಿ ಬೇಯಿಸದೆ ಅರ್ಧ ಹಾಗೇ ಉಳಿಸಿದೀರಿ. ಆ ಉಳಿದದ್ದೇ ಪಾಪ ಆಯಮ್ಮನಿಗೆ ಹೋಗಿದೆ.”

ಲಕ್ಷ್ಮೀಪತಿ ಹಾಳೆಯನ್ನು ಮೆಲ್ಲಗೆ ಅವಳ ಕಡೆ ತಳ್ಳಿದರು. ಅವಳು ಅದನ್ನು ಎತ್ತಿ ಅವರ ಮಡಿಲಲ್ಲೇ ಇಟ್ಟಳು.

“ಅರ್ಧ ಉಳಿದಿದ್ರೆ ಇನ್ನರ್ಧ ಸೆಫವರ ಇರಬೇಕಲ್ಲ, ಶ್ಯಾಮಸುಂದರ್? ಕತ್ತರಿ ಪೆನಿಸಿಲಿನ್ನ ತಿಂದು ಹಾಕಿದ್ರೂ ಆ ಅರ್ಧ ನಿಂತು ವೃತ್ತ ಬಿಡಬೇಕು. ಎಲ್ಲಿದೆ? ಕನ್ನಡಕ ಬೇಕಾ, ಕೊಡಲಾ?”

ಶ್ಯಾಮಸುಂದರ ತಟ್ಟೆ ನೋಡಿದ. ಅವನೂ ಕೆಮಿಸ್ಟ್ರಿ ಓದಿದವನೇ. ಬಲಗಡೆ ಸಣ್ಣದೊಂದು ಉಗುರಿನಷ್ಟಾದರೂ ವೃತ್ತ ಇದ್ದಿದ್ದರೆ ಅವನ ವಾದ ಬದುಕುತ್ತಿತ್ತು.

“ಅಂದ್ರೆ ಯಾರೋ ಬದಲಾಯಿಸಿದಾರೆ,” ಎಂದರು ಉಗ್ರಪ್ಪ. “ಯಾರು? ಎಲ್ಲಿ?”

“ಅದಕ್ಕೆ ನಿಮ್ಮ ಎಡಗಡೆ ಜೇಬಲ್ಲಿರೋ ಸುಣ್ಣದ ಡಬ್ಬಿ ಬೇಕು.”

ಉಗ್ರಪ್ಪ ತಬ್ಬಿಬ್ಬಾದರು. ಡ್ಯೂಟಿಯ ಮೇಲೆ ಎಲೆ ಅಡಿಕೆ ಹಾಕುವುದು ಯಾರಿಗೂ ಗೊತ್ತಿಲ್ಲವೆಂದು ಅವರು ನಂಬಿದ್ದರು. ಬಾಗಿಲಲ್ಲಿ ನಿಂತಿದ್ದ ಪೇದೆ ಕೃಷ್ಣಯ್ಯ ಮುಖ ಆ ಕಡೆ ತಿರುಗಿಸಿ ನಗು ನುಂಗಿದ. ಡಬ್ಬಿ ಮೇಜಿಗೆ ಬಂತು.

ನಿನ್ನೆ ಕ್ಯಾಪ್ಸೂಲು ಬಿಚ್ಚುವಾಗಲೇ ಬಿಳಿ ಪುಡಿಯ ನಡುವೆ ಎರಡು ಮೂರು ಹಳದಿ ಕಣಗಳು ಅವಳ ಕಣ್ಣಿಗೆ ಬಿದ್ದಿದ್ದವು. ಆ ಪುಡಿಯನ್ನು ಅವಳು ಪಿಂಗಾಣಿ ಬಟ್ಟಲಲ್ಲಿ ಮುಚ್ಚಿಟ್ಟಿದ್ದಳು. ಈಗ ಸುಣ್ಣವನ್ನು ನೀರಲ್ಲಿ ಕದಡಿ, ಕಡ್ಡಿಯ ತುದಿಯಲ್ಲಿ ಒಂದು ಹನಿ ಹಳದಿ ಕಣದ ಮೇಲೆ ಬಿಟ್ಟಳು.

ಕಣ ಕೆಂಪಾಗಿ ಕರಗಿತು.

“ಅರಿಶಿನ!” ಎಂದ ಕೃಷ್ಣಯ್ಯ ಬಾಗಿಲಿಂದಲೇ. ಮನೆಯಲ್ಲಿ ಆರತಿ ನೀರು ಕಲಸುವುದನ್ನು ನೋಡಿದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಹೋದ ತಿಂಗಳು ಆಯುಧಪೂಜೆ ಆಯ್ತಲ್ಲ,” ಎಂದ ಶ್ಯಾಮಸುಂದರ ತಡಮಾಡದೆ. “ಮಿಷನ್ನುಗಳಿಗೆಲ್ಲ ಚಿಕ್ಕಮುನಿಯಪ್ಪ ಅರಿಶಿನ ಕುಂಕುಮ ಮೆತ್ತಿದಾನೆ. ಇವರು ತೊಳೆಸದೆ ಹಾಗೇ ಕ್ಯಾಪ್ಸೂಲು ತುಂಬಿಸಿದಾರೆ. ಇದೂ ಇವರ ಅಜಾಗರೂಕತೇನೇ, ಬರ್ಕೊಳ್ಳಿ ಸಾರ್.”

“ಚಿಕ್ಕಮುನಿಯಪ್ಪನ್ನ ಕರೀರಿ,” ಎಂದಳು ಅನಂತಲಕ್ಷ್ಮಿ.

ಮಿಷನ್ನು ನೋಡಿಕೊಳ್ಳುವ ಚಿಕ್ಕಮುನಿಯಪ್ಪ ಕೈಗೆ ಮೆತ್ತಿದ ಗ್ರೀಸನ್ನು ಪಂಚೆಗೆ ಒರೆಸುತ್ತ ಬಂದ. ಪ್ರತಿ ವರ್ಷ ಪೂಜೆ ಅವನದೇ ಉಸ್ತುವಾರಿ. ಮಿಷನ್ನಿಗೆ ಅರಿಶಿನ ಬಳಿದು, ಬೂದುಗುಂಬಳ ಒಡೆದು, ಎಲ್ಲರಿಗೂ ಪುರಿ ಹಂಚಿ ಕೈ ಮುಗಿದರೇ ಅವನಿಗೆ ವರ್ಷ ಮುಗಿದ ಹಾಗೆ.

“ಚಿಕ್ಕಮುನಿಯಪ್ಪ, ನಮ್ಮ ಕ್ಯಾಪ್ಸೂಲ್ ಕೋಣೆ ಮಿಷನ್ನಿಗೆ ಈ ಸಲ ಅರಿಶಿನ ಹಚ್ಚಿದ್ಯಾ?”

ಅವನ ಮುಖ ಗಂಟಾಯಿತು. “ಎಲ್ಲಿ ಬಿಟ್ರಿ ಅಮ್ಮಾವ್ರೆ? ಮದ್ದು ತುಂಬೋ ತಾವ ಅರಿಶಿನ ಕುಂಕುಮ ತಂದ್ರೆ ಕೈ ಮುರೀತೀನಿ ಅಂದ್ರಿ. ಬಾಗ್ಲಿಗೆ ಒಂದು ಹೂವ ಇಕ್ಕಿ ಬಂದೆ. ಅವತ್ತೆಲ್ಲ ನಂಗೆ ಊಟ ಸೇರ್ನಿಲ್ಲ. ಇಡೀ ಫ್ಯಾಕ್ಟ್ರಿ ನಗಾಡ್ತು.”

ಜಗಳ ನಿಜ. ಆ ಜಗಳ ಕೇಳದ ಕಿವಿ ಶ್ವೇತಗಿರಿಯಲ್ಲಿ ಒಂದೂ ಇರಲಿಲ್ಲ. ಲಕ್ಷ್ಮೀಪತಿಯವರೇ ಬಂದು ಬಿಡಿಸಿದ್ದರು.

“ಹಾಗಾದ್ರೆ ಈ ಕ್ಯಾಪ್ಸೂಲು ತುಂಬಿದ್ದು ಇಲ್ಲಲ್ಲ,” ಎಂದರು ಉಗ್ರಪ್ಪ ನಿಧಾನವಾಗಿ.

“ಇಲ್ಲಲ್ಲ. ಅರಿಶಿನ ಮೆತ್ತಿದ ಬೇರೆ ಒಂದು ಮಿಷನ್ನಲ್ಲಿ. ಚಿಕ್ಕಮುನಿಯಪ್ಪ, ಯೋಚನೆ ಮಾಡಿ ಹೇಳು. ಕ್ಯಾಪ್ಸೂಲು ತುಂಬೋ ನಮ್ಮ ಹಳೇ ಕೈಮಿಷನ್ನು ಗುಜರಿಗೆ ಹೋಯ್ತು ಅಂದ್ರಲ್ಲ, ಅದು ಎಲ್ಲಿದೆ?”

“ಗುಜರಿಗಾ?” ಚಿಕ್ಕಮುನಿಯಪ್ಪ ನಕ್ಕುಬಿಟ್ಟ. “ಒಳ್ಳೆ ಕತೆ ಹೇಳ್ತೀರಿ. ಅದು ನಾಯಂಡಹಳ್ಳಿ ಶೆಡ್ಡಲ್ಲಿ ಅದೆ. ಅದ್ರ ಪೂಜೇನೂ ನಾನೇ ಮಾಡಿದ್ದು. ಇಲ್ಲಂತೂ ಬಿಡ್ನಿಲ್ಲ, ಅಲ್ಲಿ ಮನಸಾರ ಬಳಿದೆ ನೋಡಿ. ತಟ್ಟೆ, ತೂತು, ಹಿಡಿ, ಒಂದೂ ಬಿಡ್ನಿಲ್ಲ. ಶ್ಯಾಮಸುಂದರ್ ಸಾರೇ ಸ್ಕೂಟ್ರಲ್ಲಿ ಕೂರಿಸ್ಕೊಂಡು ಹೋಗಿದ್ರು. ಪೂಜೆ ಮಾಡ್ದೆ ಹೊಸ ಜಾಗದಲ್ಲಿ ಮಿಷನ್ ಶುರು ಮಾಡಬಾರ್ದು, ಆಗಿಬರಲ್ಲ ಅಂದ್ರು. ಅಲ್ವಾ ಸಾರ್?”

ಶ್ಯಾಮಸುಂದರನ ಹಣೆಯ ಗಂಧ ಬೆವರಿಗೆ ಇಳಿಯತೊಡಗಿತು. ಕಳ್ಳದಂಧೆಗೆ ಗುಟ್ಟಾಗಿ ಶೆಡ್ಡು ಹಿಡಿದಿದ್ದ, ಗುಟ್ಟಾಗಿ ಮಿಷನ್ನು ಸಾಗಿಸಿದ್ದ, ಗುಟ್ಟಾಗಿ ಆಂಪಿಸಿಲಿನ್ ತರಿಸಿದ್ದ. ಪೂಜೆಯಿಲ್ಲದೆ ಹಿಡಿ ತಿರುಗಿಸುವ ಧೈರ್ಯ ಮಾತ್ರ ಅವನಿಗೆ ಬಂದಿರಲಿಲ್ಲ. ಚಿಕ್ಕಮುನಿಯಪ್ಪ ತಾನೇನು ಹೇಳಿದೆನೆಂದು ತಿಳಿಯದೆ ಎಲ್ಲರ ಮುಖ ನೋಡುತ್ತ ನಿಂತ.

“ನನ್ನ ಮದ್ದು ಎಲ್ಲಿ?” ಅನಂತಲಕ್ಷ್ಮಿ ಶ್ಯಾಮಸುಂದರನ ಎದುರಿಗೇ ಹೋದಳು. “ಡ್ರಮ್ಮುಗಟ್ಟಲೆ ನಿಮ್ಮ ಕೈಗೆ ಕೊಟ್ಟೆನಲ್ಲ, ಅದನ್ನ ಯಾರಿಗೆ ಮಾರಿದ್ರಿ? ನಿಜವಾದ್ದನ್ನ ಮಾರ್ಕೊಂಡು, ನನ್ನ ಹೆಸರಿನ ಸೀಸೆಗೆ ಆಂಪಿಸಿಲಿನ್ ತುಂಬಿ, ಪೆನಿಸಿಲಿನ್ ಆಗದ ಹೆಂಗಸಿಗೆ ಕೊಟ್ರಲ್ಲ, ನಿಮ್ಮ ದೇವರು ಇದಕ್ಕೂ ಮುಹೂರ್ತ ಇಟ್ಟುಕೊಟ್ನಾ?”

ಶ್ಯಾಮಸುಂದರ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಉಗ್ರಪ್ಪ ಕೃಷ್ಣಯ್ಯನಿಗೆ ಸನ್ನೆ ಮಾಡಿದರು. ಪೇದೆ ಬಂದು ಅವನ ಪಕ್ಕ ನಿಂತ.

ಲಕ್ಷ್ಮೀಪತಿ ಗೋಡೆಯ ಗಡಿಯಾರ ನೋಡಿದರು. ಆಮೇಲೆ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ಉಗ್ರಪ್ಪನವರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ.

“ಮೂರನೇ ತಟ್ಟೆ ಉಳೀತಲ್ಲಮ್ಮ.”

“ಅದು ನನ್ನದು,” ಎಂದಳು ಅವಳು. ದನಿಯಲ್ಲಿ ಹೆಮ್ಮೆ ಇತ್ತು, ಇರಲೇಬೇಕಿತ್ತು. “ಒಣಗಿಸಿದ ಕೂಡ್ಲೇ ತೆಗೆದು ನನ್ನ ಬೀರುವಿನಲ್ಲಿ ಬೀಗ ಹಾಕಿಟ್ಟ ಮಾದರಿ. ಯಾವ ಮಿಷನ್ನಿಗೂ ಹೋಗಿಲ್ಲ, ಯಾರ ಕೈಗೂ ಸಿಕ್ಕಿಲ್ಲ. ನಿನ್ನೆ ನಿಮ್ಮೆದುರಿಗೇ ತೆಗೆದೆ. ಇದರಲ್ಲಿ ಎರಡು ಕಡೆನೂ ವೃತ್ತ ನೋಡ್ತೀರಿ.”

ಮುಚ್ಚಳ ತೆಗೆದಳು.

ಎಡಗಡೆ ವೃತ್ತ ಇತ್ತು. ಬಲಗಡೆ ಗಂಜಿ.

ಅವಳು ತಟ್ಟೆಯನ್ನು ತಿರುಗಿಸಿದಳು, ಬೆಳಕಿಗೆ ಹಿಡಿದಳು, ಮುಚ್ಚಳದ ಪಟ್ಟಿ ನೋಡಿದಳು. ತಟ್ಟೆ ಮೂರೂ ಒಂದೇ ಹೇಳುತ್ತಿದ್ದವು. ಅವಳ ಬೀರುವಿನಲ್ಲಿ, ಅವಳ ಬೀಗದ ಹಿಂದೆ ಇದ್ದದ್ದೂ ಪೆನಿಸಿಲಿನ್ ಜಾತಿಯ ಪುಡಿಯೇ.

ಬತ್ತಿದ ಬಾವಿಗೆ ನೀರು ಬಂದಂತೆ ಶ್ಯಾಮಸುಂದರನ ಗಂಟಲಿಗೆ ದನಿ ಬಂತು.

“ಕದಿಯೋಕೆ ಏನಿತ್ತು ಸಾರ್ ಇಲ್ಲಿ? ನೋಡಿ! ಅವರ ಬೀರುವಿನಲ್ಲೇ ಸೆಫವರ ಇಲ್ಲ. ಈ ಯಮ್ಮ ಮೊದಲಿಂದ ಮಾಡಿದ್ದೇ ಇದು. ಐದು ಮೂಲೆ, ಆರು ಮೂಲೆ ಅಂತ ಬೋರ್ಡ್ ಮೇಲೆ ಬರೆದು ನಮ್ಮನ್ನೆಲ್ಲ ಕುರಿ ಮಾಡಿದ್ರು. ಇವರು ಕೊಟ್ಟ ಪುಡೀನೇ ನಾನು ತುಂಬಿದೆ. ಶೆಡ್ಡು ಹಿಡಿದದ್ದು ತಪ್ಪು, ಒಪ್ಕೋತೀನಿ. ಆದ್ರೆ ಆ ಮದ್ದು ಅನ್ನೋದು ಹುಟ್ಟೇ ಇಲ್ಲ!”

ಉಗ್ರಪ್ಪ ಈಗ ಅವಳನ್ನು ಬೇರೆ ಕಣ್ಣಿನಿಂದ ನೋಡಿದರು. “ಏನಮ್ಮ ಇದು?”

ಹೆದರಿಕೆಯಾಯಿತು ಅವಳಿಗೆ. ಸುಳ್ಳು ಯಾಕೆ, ಕಾಲ ಕೆಳಗಿನ ನೆಲವೇ ಹೋದಂತಾಯಿತು. ತನ್ನ ಕಣ್ಣಿಂದ ಕಂಡ ಹರಳು, ತನ್ನ ಕೈಯಿಂದ ತೂಗಿದ ಹರಳು ಸುಳ್ಳೇ ಎಂದು ಒಂದು ಗಳಿಗೆ ತನ್ನನ್ನೇ ಕೇಳಿಕೊಂಡಳು. ಆಮೇಲೆ ಆ ಗಳಿಗೆಯ ಮೇಲೇ ಅವಳಿಗೆ ಕೆಟ್ಟ ಸಿಟ್ಟು ಬಂತು.

“ಇನ್‌ಸ್ಪೆಕ್ಟ್ರೇ, ನಿಮ್ಮ ಬೀಗ ಕೈಲೇ ಇದೆಯಲ್ಲ? ಈ ಲ್ಯಾಬಿಗೆ ಹಾಕಿ. ನನ್ನನ್ನ ಒಳಗೆ ಬಿಟ್ಟು ಹೊರಗಿಂದ ಹಾಕಿ. ಸ್ಟೋರಿಂದ ಪೆನಿಸಿಲಿನ್ ಕೊಡಿ, ನೀವೇ ಸ್ಟೂಲ್ ಹಾಕ್ಕೊಂಡು ಎದುರಿಗೆ ಕೂತ್ಕೊಳ್ಳಿ. ಮೊದಲಿಂದ ಮಾಡ್ತೀನಿ. ನಾನು ಮಾಡಿದ ಪುಡಿಗೆ ಬಲಗಡೆ ವೃತ್ತ ಬರದೇ ಇದ್ರೆ ಇಲ್ಲಿಂದಾನೇ ಜೀಪು ಹತ್ತುತ್ತೀನಿ. ಒಂದು ಸಲ ಮಾಡಿದ ಕೈ ಇದು. ಯಾವ ಕಳ್ಳನೂ ಕೈ ಕದ್ದಿಲ್ಲ.”

“ಅಷ್ಟೆಲ್ಲ ಯಾಕೆ ಮೇಡಂ?” ಎಂದ ಶ್ಯಾಮಸುಂದರ. “ಮಾಡಿ, ಆ ಪ್ರಭಾ ಅವರಿಗೇ ಕುಡಿಸಿಬಿಡಿ. ಸೋಂಕು ರಕ್ತಕ್ಕೆ ಹೋಗಿದೆಯಂತೆ. ಬೇರೆ ಯಾವ ಮದ್ದೂ ಹಿಡೀತಾ ಇಲ್ಲವಂತೆ. ಅವರನ್ನ ಬದುಕಿಸಿ ತೋರಿಸಿ, ನಾನೇ ಬಂದು ಕಾಲಿಗೆ ಬೀಳ್ತೀನಿ.”

“ಕೊಡಲ್ಲ.”

“ಯಾಕೆ? ನಿಮ್ಮ ಮದ್ದಿನ ಮೇಲೆ ನಿಮಗೇ ನಂಬಿಕೆ ಇಲ್ವಾ?”

“ನಂಬಿಕೆ ಇರೋದ್ರಿಂದಾನೇ ಅದು ಏನು ಮಾಡುತ್ತೆ ಅಂತ ಗೊತ್ತು.” ಅವಳು ಮೇಜಿನ ಮೇಲಿನ ಚಿತ್ರದ ಬಾಲಕ್ಕೆ ಬೆರಳಿಟ್ಟಳು. “ಆಂಪಿಸಿಲಿನ್‌ಗೂ ಸೆಫವರಕ್ಕೂ ಉಂಗುರ ಬೇರೆ, ಬಾಲ ಒಂದೇ. ಹೊಟ್ಟೆಯ ಆಸಿಡ್ಡಿಗೆ ಕೆಡದೆ ರಕ್ತಕ್ಕೆ ಸೇರಲಿ ಅಂತ ನಾನೇ ಆ ಬಾಲ ಆರಿಸಿ ಅಂಟಿಸಿದ್ದು. ಆಯಮ್ಮನ ಮೈಗೆ ಆಗದೇ ಇರೋದು ಪೆನಿಸಿಲಿನ್ ಉಂಗುರವೋ, ಆ ಬಾಲವೋ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಉಂಗುರ ಆದ್ರೆ ನನ್ನ ಮದ್ದು ಅವರನ್ನ ಉಳಿಸುತ್ತೆ. ಬಾಲ ಆದ್ರೆ ಕೊಲ್ಲುತ್ತೆ. ಮೊನ್ನೆ ತಾನೆ ಮೈ ಒಂದು ಸಲ ಕೆರಳಿದೆ. ಇನ್ನೊಂದು ಸಲ ತಡೆಯೋದಿಲ್ಲ.”

ಏನೋ ಬಿದ್ದ ಸದ್ದಾಯಿತು. ಲಕ್ಷ್ಮೀಪತಿಯವರ ಕನ್ನಡಕ ನೆಲದ ಮೇಲಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

“ನೀವೇ ಹೇಳಿದ್ರಲ್ಲಮ್ಮ,” ಎಂದರು ಒಣಗಿದ ದನಿಯಲ್ಲಿ. “ಪೆನಿಸಿಲಿನ್ ಆಗದೋರಿಗೂ ಇದು ಆಗುತ್ತೆ ಅಂತ.”

“ಕೆಲವರಿಗೆ ಇದೂ ಆಗಲ್ಲ ಅಂತಲೂ ಹೇಳಿದ್ದೆ. ನೀವು ಮೊದಲನೇ ಮಾತು ಕೇಳಿ ಡಾಕ್ಟರುಗಳಿಗೆಲ್ಲ ಹೇಳೋಕೆ ಫೋನ್ ಎತ್ಕೊಂಡ್ರಿ ಸಾರ್.” ಹೇಳುತ್ತಿದ್ದಂತೆಯೇ ಅವಳಿಗೆ ಹೊಳೆಯಿತು. ಅವಳ ಬೀರುವಿಗೆ ಎರಡು ಬೀಗದ ಕೈ. ಒಂದು ಅವಳ ಸೊಂಟದಲ್ಲಿ, ಇನ್ನೊಂದು ಮಾಲೀಕರ ಮೇಜಿನ ಡ್ರಾಯರಿನಲ್ಲಿ. “ಸಾರ್, ನನ್ನ ಬೀರು ತೆಗೆದದ್ದು ನೀವಾ?”

ಲಕ್ಷ್ಮೀಪತಿ ಹೌದೆಂದು ತಲೆ ಆಡಿಸಿದರು. “ಮೊನ್ನೆ ನರ್ಸಿಂಗ್ ಹೋಮಿಂದ ಡಾಕ್ಟರ್ ಗೋಪೀನಾಥ್ ಫೋನ್ ಮಾಡಿದ್ರು. ಆ ಟೀಚರ್ ಉಳಿಯಲ್ಲ ಅಂದ್ರು. ಸತ್ರೆ ಕೊಲೆ ಕೇಸು, ಕಂಪನಿ ಮುಚ್ಚಿಹೋಗುತ್ತೆ. ಯಾರೇನೇ ಹೇಳಲಿ, ನೀವು ಮಾಡಿದ್ದು ಸುಳ್ಳಿರಲ್ಲ ಅಂತ ನನಗೆ ಗೊತ್ತಿತ್ತು. ನಿಮ್ಮ ಬೀರುವಿನ ಸೀಸೆಯಲ್ಲಿದ್ದದ್ದೆಲ್ಲ ತೆಗೆದು ಅವರಿಗೆ ಕಳಿಸಿದೆ. ಇದು ಅಪ್ಪಟ, ಧೈರ್ಯವಾಗಿ ಕೊಡಿ ಅಂದೆ. ನಿಮಗೆ ಗೊತ್ತಾಗಬಾರ್ದು ಅಂತ ಸೀಸೆಗೆ ಸ್ಟೋರಿನ ಪೆನಿಸಿಲಿನ್ ಸುರಿದಿಟ್ಟೆ. ಇವತ್ತು ಬೆಳಿಗ್ಗೆ ರೌಂಡ್ಸ್ ಮುಗಿಸಿ ಶುರು ಮಾಡ್ತೀನಿ ಅಂದಿದ್ರು.”

ಇಡೀ ಶ್ವೇತಗಿರಿಯಲ್ಲಿ ಅವಳ ಮದ್ದನ್ನು ನಂಬಿದವರು ಇವರೊಬ್ಬರೇ. ಅವಳ ಕೊರಳಿಗೆ ಉರುಳಾಗುವ ಆ ಹಾಳೆ ಟೈಪು ಮಾಡಿಸಿದವರೂ ಇವರೇ. ನಗಬೇಕೋ ಬೈಯಬೇಕೋ ತಿಳಿಯುವಷ್ಟು ಹೊತ್ತು ಅವಳಿಗಿರಲಿಲ್ಲ. ಅಡ್ಡ ನಿಂತಿದ್ದ ಕೃಷ್ಣಯ್ಯನನ್ನು ಪಕ್ಕಕ್ಕೆ ತಳ್ಳಿ ಅವಳು ಮಾಲೀಕರ ಕೋಣೆಗೆ ಓಡಿದಳು.

“ಅದು ನಿಮ್ಮ ಮದ್ದು ಮೇಡಂ!” ಎಂದು ಹಿಂದಿನಿಂದ ಶ್ಯಾಮಸುಂದರ ಕೂಗಿದ. “ಆಯಮ್ಮ ಬದುಕಿದ್ರೆ ನೀವು ಗೆದ್ರಿ! ತಡೆದ್ರೆ ಎಲ್ಲಿದೆ ಸಾಕ್ಷಿ? ಇರೋದೇ ಅಷ್ಟು!”

ಅವನು ಹೇಳಿದ್ದು ನಿಜ. ನಿಜವಾದ ಸೆಫವರ ಎಂದು ಈ ಭೂಮಿಯ ಮೇಲೆ ಅವಳಿಗೆ ಗೊತ್ತಿದ್ದದ್ದು ಆ ನರ್ಸಿಂಗ್ ಹೋಮಿನ ಪೊಟ್ಟಣದಲ್ಲಿದ್ದಷ್ಟೇ.

“ಸಾಕ್ಷಿ ಸುಟ್ಟುಹೋಗಲಿ!” ಎಂದು ಅವಳು ತಿರುಗಿ ನೋಡದೆ ಕೂಗಿದಳು.

ಕಪ್ಪು ಫೋನಿನ ಡಯಲು ತಿರುಗಿ ವಾಪಸು ಬರುವಷ್ಟು ನಿಧಾನವಾದದ್ದು ಲೋಕದಲ್ಲಿ ಬೇರೊಂದಿಲ್ಲ. ಮೊದಲ ಸಲ ಎಂಗೇಜು. ಎರಡನೇ ಸಲವೂ ಎಂಗೇಜು. ಉಗ್ರಪ್ಪ ಬಾಗಿಲಿಗೆ ಬಂದು, ಜೀಪು ಶುರು ಮಾಡೆಂದು ಕೆಳಗೆ ಕೂಗಿದರು. ಮೂರನೇ ಸಲ ಗಂಟೆ ಹೊಡೆಯಿತು, ವಿಜಯನಗರದ ಆ ತುದಿಯಲ್ಲಿ ಯಾರೋ ಎತ್ತಿದರು.

“ಡಾಕ್ಟರ್ ಗೋಪೀನಾಥ್ ಬೇಕು. ತಕ್ಷಣ.”

“ನಾನೇ ಮಾತಾಡ್ತಾ ಇರೋದು.”

“ಡಾಕ್ಟ್ರೇ, ಲಕ್ಷ್ಮೀಪತಿಯವರು ಕಳಿಸಿದ ಪುಡಿ ಪ್ರಭಾ ಅವರಿಗೆ ಕೊಡಬೇಡಿ. ನಾನು ಅನಂತಲಕ್ಷ್ಮಿ. ಅದನ್ನ ಮಾಡಿದೋಳು ನಾನೇ.”

ಆ ಕಡೆ ಎಲ್ಲೋ ಬಕೆಟ್ಟು ಎಳೆದ ಸದ್ದು ಕೇಳಿಸಿತು.

“ಏನಮ್ಮಾ ನೀವು, ಈಗ ಹೇಳ್ತೀರಿ?” ಎಂದರು ಡಾಕ್ಟರು. “ನೀರಲ್ಲಿ ಕದಡಿ ಕುಡಿಸಿ ಈಗ ತಾನೇ ಬಂದು ಕೂತೆ.”

ಅನಂತಲಕ್ಷ್ಮಿ ಕಣ್ಣು ಮುಚ್ಚಿ ತೆರೆದಳು. “ಮೈ ಕೆರಳಿದ ಕೂಡ್ಲೇ ಚುಚ್ಚೋ ಹಾಗೆ ಅಡ್ರಿನಲಿನ್ ಸಿರಿಂಜಿಗೆ ಎಳೆದು ಕೈಲಿ ಇಟ್ಕೊಳ್ಳಿ. ಅವರ ಪಕ್ಕ ಬಿಟ್ಟು ಕದಲಬೇಡಿ. ನಾನು ಹೊರಟೆ, ಬರ್ತಾ ಇದೀನಿ. ಕೇಳಿಸ್ತಾ ಇದೆಯಾ? ಅವರು ಸಾಯಬಾರ್ದು. ನನ್ನ ಮದ್ದಿಂದ ಸಾಯಬಾರ್ದು!”

ಡಾಕ್ಟರು ಏನೋ ಹೇಳತೊಡಗಿದರು. ಅಷ್ಟರಲ್ಲಿ ಅವರ ಹಿಂದಿನಿಂದ, ವಾರ್ಡಿನ ಕಡೆಯಿಂದ, ಒಬ್ಬ ನರ್ಸಿನ ಕೂಗು ತಂತಿಯಲ್ಲಿ ಸಣ್ಣಗೆ, ಸ್ಪಷ್ಟವಾಗಿ ಬಂತು.

“ಡಾಕ್ಟ್ರೇ! ಓಡಿ ಬನ್ನಿ! ಪ್ರಭಾ ಅವರು ಡಾಕ್ಟ್ರೇ!”

ರಿಸೀವರು ಮೇಜಿನ ಮೇಲೆ ಬಿತ್ತು. ಚಪ್ಪಲಿ ಕಾಲುಗಳು ದಡದಡ ಓಡಿದವು, ದೂರದಲ್ಲಿ ಒಂದು ಬಾಗಿಲು ಬಡಿಯಿತು. ಅನಂತಲಕ್ಷ್ಮಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಏನಾಯಿತು, ಏನಾಯಿತು ಎಂದು ಕೂಗುತ್ತಲೇ ಇದ್ದಳು. ಆ ಕಡೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.